ಕಿಟಕಿಯ ಗಾಜೇಕೆ ಬೆವರುತ್ತದೆ?



ಕೆನಡಾದ ಚಳಿಗಾಲದಲ್ಲಿ ಬೆಳಗಾಗೆದ್ದು ಪರದೆ ಸರಿಸಿದರೆ ನಮ್ಮ ಕಿಟಕಿಗಳ ಒಳಮೈಯಲ್ಲಿ ನೀರು, ಅಂಚಿನಲ್ಲಿ ಮಂಜುಗಡ್ಡೆ. ಇದು ಹೊರಗಿನಿಂದ ನುಗ್ಗಿದ ನೀರೆಂದು ನಮ್ಮಲ್ಲಿ ಹಲವರ ಭಾವನೆ. ವಾಸ್ತವವಾಗಿ ಅದು ಮನೆಯೊಳಗಿನದೇ. ಬೇಸಿಗೆಯಲ್ಲಿ ತಣ್ಣೀರಿನ ತಂಬಿಗೆಯ ಹೊರಮೈ ಬೆವರುವಂತೆ, ತಣ್ಣನೆಯ ಗಾಜನ್ನು ಮುಟ್ಟಿದ ಬೆಚ್ಚನೆಯ ಗಾಳಿ ತನ್ನಲ್ಲಿರುವ ಆವಿಯನ್ನು ಅಲ್ಲಿಯೇ ಇಳಿಸುತ್ತದೆ.

ಕೋಣೆಯ ಉಷ್ಣಾಂಶ 21 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇಕಡಾ 50 ಇದ್ದರೆ, ಗಾಜು ಸುಮಾರು 10 ಡಿಗ್ರಿಗೆ ಇಳಿದೊಡನೆ ನೀರು ಕೂಡುತ್ತದೆ. ತೇವಾಂಶವನ್ನು 30ಕ್ಕೆ ಇಳಿಸಿದರೆ, ಗಾಜು ಸುಮಾರು 3 ಡಿಗ್ರಿಗೆ ತಣಿಯುವವರೆಗೂ ಒಣಗಿಯೇ ಇರುತ್ತದೆ. ಆದುದರಿಂದ ತೇವಮಾಪಕವೊಂದನ್ನು ತಂದಿಟ್ಟು, ಕಡುಚಳಿಯ ದಿನಗಳಲ್ಲಿ ಅದು 30ರ ಆಸುಪಾಸಿನಲ್ಲಿರುವಂತೆ ನೋಡಿಕೊಳ್ಳುವುದು ಒಳಿತು.

ಅನ್ನ, ಸಾರು, ಇಡ್ಲಿ – ನಮ್ಮದು ಆವಿಯ ಅಡುಗೆ. ಒಲೆ ಹೊತ್ತಿಸುವಾಗಲೇ ಗಾಳಿಯನ್ನು ಹೊರಕ್ಕೆ ತಳ್ಳುವ ಫ್ಯಾನ್ ಹಾಕೋಣ. ಸೋಸಿ ಒಳಗೇ ಬಿಡುವ ಫ್ಯಾನಿನಿಂದ ಆವಿ ಹೋಗದು. ಸ್ನಾನದ ನಂತರವೂ ಇಪ್ಪತ್ತು ನಿಮಿಷ ಫ್ಯಾನ್ ತಿರುಗಲಿ. ಒದ್ದೆ ಬಟ್ಟೆಯನ್ನು ಕೋಣೆಯಲ್ಲಿ ಹರವುವುದು ಬೇಡ. ಫರ್ನೇಸಿನ ಹ್ಯೂಮಿಡಿಫೈಯರನ್ನು ತಗ್ಗಿಸೋಣ. ಕಿಟಕಿಯ ಕೆಳಗಿನ ಬಿಸಿಗಾಳಿಯ ಕಿಂಡಿಗೆ ಸೋಫಾ ಅಡ್ಡವಾಗದಿರಲಿ. ಹಗಲಿನಲ್ಲಿ ಪರದೆ ತೆರೆದಿರಲಿ.

ಬಿಗಿಯಾಗಿ ಮುಚ್ಚಿದ ಜೋಡಿ ಗಾಜುಗಳ ನಡುವೆಯೇ ಮಬ್ಬು ಕವಿದಿದ್ದರೆ ದೋಷ ಗಾಜಿನದು. ಅದನ್ನು ಬದಲಿಸದೆ ವಿಧಿಯಿಲ್ಲ.

ಒರೆಸಿದ ನೀರು ಮರುದಿನ ಮರಳುತ್ತದೆ. ಚೌಕಟ್ಟಿನಲ್ಲಿ ನಿಂತರೆ ಮರ ಕೊಳೆತು, ಬೂಷ್ಟು ಬೆಳೆದು, ಉಬ್ಬಸವಿರುವ ಮಕ್ಕಳನ್ನು ಕಾಡುತ್ತದೆ. ಚಳಿಗೆ ಅಂಜಿ ಮನೆಯನ್ನು ಬಿಗಿದಿರುವ ನಾವು, ಆವಿ ಹೊರಹೋಗಲು ದಾರಿಯನ್ನೂ ಬಿಡೋಣ.