ಮೇಷ್ಟರ ಕೆಲಸವೋ, ಆಕ್ಯುಪೇಷನಲ್ ಥೆರಪಿಯೋ?

(ದ್ವಿತೀಯ ಪಿ.ಯು. ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಬಂದಿರುವ ಚೀಟಿಗಳಲ್ಲೊಂದು ಹೀಗಿದೆ: “ನನಗೆ ಮಕ್ಕಳ ನಡುವೆ ಇರುವ ಕೆಲಸ ಬೇಕು. ಟೀಚರ್ ಆಗಲೇ, ಆಕ್ಯುಪೇಷನಲ್ ಥೆರಪಿ ಓದಲೇ?” ಬರೆದವರು ಹೆಸರು ಹಾಕಿಲ್ಲ. ಹಾಕದಿದ್ದುದೇ ಲೇಸು, ಮನೆಯಲ್ಲಿ ಆಗಲೇ ಜಗಳ ಆಗಿರಬಹುದು. ಉಳಿದ ಚೀಟಿಗಳನ್ನು ಬದಿಗಿಟ್ಟು ಇದೊಂದಕ್ಕೇ ಉತ್ತರ ಹೇಳುತ್ತೇನೆ.

ಎರಡನೆಯ ಕೆಲಸದ ಹೆಸರು ಕೇಳಿ ನೌಕರಿ ಕೊಡಿಸುವ ಇಲಾಖೆ ಎಂದುಕೊಂಡವರುಂಟು, ಮೈ ತಿಕ್ಕುವ ಕೆಲಸ ಎಂದುಕೊಂಡವರೂ ಉಂಟು. ಎರಡೂ ಅಲ್ಲ. ಇಲ್ಲಿ ಉದ್ಯೋಗವೆಂದರೆ ಸಂಬಳದ ದುಡಿಮೆಯಷ್ಟೇ ಅಲ್ಲ. ಬೆಳಗೆದ್ದು ರಾತ್ರಿ ಮಲಗುವ ತನಕ ಮನುಷ್ಯ ಮಾಡುವ ಎಲ್ಲ ಕೆಲಸ. ಲಕ್ವ ಹೊಡೆದು ಬಲಗೈ ಸೋತ ರೈತನೊಬ್ಬನಿದ್ದಾನೆ ಎನ್ನಿ. ಫಿಸಿಯೋಥೆರಪಿಯವರು ಮುಖ್ಯವಾಗಿ ಆ ತೋಳಿಗೆ ಬಲ, ಚಲನೆ ತರಲು ನೋಡುತ್ತಾರೆ. ಈ ಚಿಕಿತ್ಸಕರು ಬೇರೆ ತುದಿಯಿಂದ ಹೊರಡುತ್ತಾರೆ. ಇವನು ಅಂಗಿಯ ಗುಂಡಿ ಹಾಕುವುದು ಹೇಗೆ, ಮುದ್ದೆ ಮುರಿಯುವುದು ಹೇಗೆ, ಕಕ್ಕಸಿನಲ್ಲಿ ಕೂತು ಏಳುವುದು ಹೇಗೆ? ಕೈ ಪಳಗುವಂತಿದ್ದರೆ ಕೈಯನ್ನು ಪಳಗಿಸುತ್ತಾರೆ. ಪಳಗದಿದ್ದರೆ ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡುತ್ತಾರೆ, ಗೋಡೆಗೆ ಹಿಡಿಗಂಬಿ ಹಾಕಿಸುತ್ತಾರೆ. ಮಗುವಿನ ಮಾತೂ ಹಾಗೆಯೇ. ಪೆನ್ಸಿಲು ಜಾರುವ ಮಗುವಿಗೆ ಪೆಟ್ಟು ಕೊಡುವ ಮೊದಲು ಅದರ ಪಾದ ನೆಲಕ್ಕೆ ತಾಗುತ್ತಿದೆಯೇ, ಬೆಂಚು ಎತ್ತರವಾಯಿತೇ ಎಂದು ನೋಡುತ್ತಾರೆ. ನಮ್ಮ ಮೇಷ್ಟರುಗಳಲ್ಲಿ ಎಷ್ಟು ಮಂದಿ ಬಗ್ಗಿ ಆ ಪಾದ ನೋಡಿದ್ದಾರೆ?

ಹಾಗೆಂದು ಇವೆರಡು ಕುಲಗಳು ಪರಕೀಯವಲ್ಲ. 1917ರಲ್ಲಿ ಅಮೆರಿಕದ ಕ್ಲಿಫ್ಟನ್ ಸ್ಪ್ರಿಂಗ್ಸ್ ಊರಿನಲ್ಲಿ ಈ ವೃತ್ತಿಯ ಮೊದಲ ಸಂಘ ಕಟ್ಟಿದ ಬೆರಳೆಣಿಕೆಯ ಜನರಲ್ಲಿ ವಿಲಿಯಂ ಡಂಟನ್ ಎಂಬ ವೈದ್ಯರಿದ್ದರು, ಜಾರ್ಜ್ ಬಾರ್ಟನ್ ಎಂಬ ಕಟ್ಟಡ ವಿನ್ಯಾಸಕರಿದ್ದರು. ಸೂಸನ್ ಜಾನ್ಸನ್ ಎಂಬಾಕೆ ಕೈಕಸುಬು ಕಲಿಸುತ್ತಿದ್ದ ಶಿಕ್ಷಕಿ. ನಮ್ಮ ದೇಶದಲ್ಲಿ ಇದನ್ನು ಕಲಿಸುವ ಮೊದಲ ಶಾಲೆ ತೆರೆದದ್ದು 1950ರಲ್ಲಿ, ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ. ತೆರೆದವರು ಕಮಲಾ ನಿಂಬ್ಕರ್. ಅಮೆರಿಕದಲ್ಲಿ ಹುಟ್ಟಿ, ಭಾರತೀಯರನ್ನು ಮದುವೆಯಾಗಿ, ಇಲ್ಲಿಯವರೇ ಆದವರು. ಇಷ್ಟು ವರ್ಷವಾದರೂ ನಮ್ಮ ತಾಲ್ಲೂಕುಗಳಲ್ಲಿ ಈ ಹೆಸರು ಹೊಸದಾಗಿಯೇ ಕೇಳಿಸುವುದು ಸರ್ಕಾರಗಳ ಲಕ್ಷಣ ತೋರಿಸುತ್ತದೆ. ಅದು ಬೇರೆ ಭಾಷಣ.

ಈಗ ಹೊಟ್ಟೆಯ ವಿಷಯ. ಶಿಕ್ಷಕರಾಗಲು ಪಿ.ಯು. ಆದ ಮೇಲೆ ಎರಡು ವರ್ಷದ ಡಿ.ಎಲ್.ಇಡಿ., ಇಲ್ಲವೇ ಪದವಿ ಮುಗಿಸಿ ಎರಡು ವರ್ಷದ ಬಿ.ಇಡಿ. ಒಂದರಿಂದ ಐದನೆಯ ತರಗತಿಯವರೆಗೆ ಕಲಿಸಲು ಬಿ.ಇಡಿ. ಸಾಲದೆಂದು 2023ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಇದು ತಿಳಿಯದೆ ಹಣ ಕಟ್ಟಬೇಡಿ. ಸರ್ಕಾರಿ ಶಾಲೆಯಲ್ಲಿ ಎಂಟನೆಯ ತರಗತಿಯವರೆಗೆ ಕಲಿಸಬೇಕಾದರೆ ಟಿ.ಇ.ಟಿ. ಪಾಸಾಗಬೇಕು, ಆಮೇಲೆ ನೇಮಕಾತಿಗೆ ಕಾಯಬೇಕು. ಕಾಯುವ ಕಾಲದಲ್ಲಿ ಅನೇಕರ ಪಾಲಿಗೆ ಬರುವುದು ‘ಅತಿಥಿ ಶಿಕ್ಷಕ’ ಎಂಬ ಬಿರುದು. ಅತಿಥಿಯೆಂದರೆ ನಮ್ಮಲ್ಲಿ ಮೊದಲು ಎಲೆ ಹಾಕುತ್ತಾರೆ. ಈ ಅತಿಥಿಗೆ ಬೇಸಿಗೆ ರಜೆ ಬಂದರೆ ಎಲೆಯೂ ಇಲ್ಲ, ಊಟವೂ ಇಲ್ಲ.

ಥೆರಪಿಯ ಪದವಿಗೆ ಪಿ.ಯು.ನಲ್ಲಿ ಜೀವಶಾಸ್ತ್ರ ಸಹಿತ ವಿಜ್ಞಾನ ಓದಿರಬೇಕು. ಆಸ್ಪತ್ರೆ ತರಬೇತಿ ಸೇರಿ ನಾಲ್ಕು ವರ್ಷಕ್ಕೂ ಮೀರುತ್ತದೆ. ಕರ್ನಾಟಕದಲ್ಲಿ ಮಣಿಪಾಲದಂಥ ಕೆಲವೇ ಕಡೆ ಕಲಿಸುತ್ತಾರೆ. ಖಾಸಗಿ ಕಾಲೇಜಿನ ಶುಲ್ಕ ಕೂಲಿಯವರ ಮನೆಗೆ ಎಟುಕುವಂಥದಲ್ಲ. ಓದಿ ಹೊರಬಂದರೆ ಬೆಂಗಳೂರಿನ ಆಸ್ಪತ್ರೆ, ಮಕ್ಕಳ ಚಿಕಿತ್ಸಾ ಕೇಂದ್ರಗಳಲ್ಲಿ ಕೆಲಸವಿದೆ, ಹೊರದೇಶಕ್ಕೂ ದಾರಿಯಿದೆ. ಆದರೆ ನಮ್ಮೂರ ಆಸ್ಪತ್ರೆಯಲ್ಲೇ ಇರುತ್ತೇನೆಂದರೆ ಹುದ್ದೆ ಎಲ್ಲಿದೆ? ಊರಿಗೊಂದು ಶಾಲೆಯಿದೆ, ಈ ಚಿಕಿತ್ಸಕರನ್ನು ಹುಡುಕಿಕೊಂಡು ಹೋಗಬೇಕು. ಚಿಕಿತ್ಸೆ ಬೇಕಾದ ಮಗು ಮಾತ್ರ ಹಳ್ಳಿಯಲ್ಲೇ ಮೂಲೆಯಲ್ಲಿ ಕೂತಿರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿ, ಅಂಥ ಮಕ್ಕಳಿಗೂ ಎಲ್ಲರ ಜೊತೆ ಕಲಿಯುವ ಅವಕಾಶ ಇರಬೇಕೆಂದಿದೆ. ಕಾಗದ ಬಂದಿದೆ, ಕೈಗಳು ಬಂದಿಲ್ಲ.

ಇವೆರಡರ ನಡುವೆ ಮೂರನೆಯ ದಾರಿಯೊಂದುಂಟು, ಚೀಟಿಯಲ್ಲಿ ಅದರ ಮಾತಿಲ್ಲ. ಅದು ವಿಶೇಷ ಶಿಕ್ಷಣದ ಬಿ.ಇಡಿ. ಇದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಬೇಕು. ವಿಜ್ಞಾನ ಓದದವರಿಗೂ ಈ ಬಾಗಿಲು ತೆರೆದಿದೆ.

ನನ್ನ ಅಭಿಪ್ರಾಯ ಕೇಳುತ್ತೀರಿ, ಹೇಳುತ್ತೇನೆ. “ಮಕ್ಕಳೆಂದರೆ ಇಷ್ಟ” ಎಂಬುದು ಸಾಲದು. ಮೂವತ್ತು ಮಕ್ಕಳ ಗದ್ದಲದ ನಡುವೆ ಒಂದು ಲೆಕ್ಕ ಎಲ್ಲರಿಗೂ ಹೊಳೆದಾಗ ನಿಮಗೆ ಹುರುಪು ಬರುತ್ತದೋ, ಒಂದೇ ಮಗು ಆರು ತಿಂಗಳು ಹೆಣಗಿ ತನ್ನ ತುತ್ತನ್ನು ತಾನೇ ಬಾಯಿಗಿಟ್ಟಾಗ ಬರುತ್ತದೋ? ಮೊದಲನೆಯವರು ಶಾಲೆಗೆ ಹೋಗಿ, ಎರಡನೆಯವರು ಸಾಲ ಮಾಡಿಯಾದರೂ ಥೆರಪಿ ಓದಿ ಎಂದು ಹೇಳುವ ಧೈರ್ಯ ನನಗಿಲ್ಲ. ಸಾಲ ತೀರಿಸುವವರು ನಿಮ್ಮಪ್ಪ. ವಿದ್ಯಾರ್ಥಿವೇತನ ಸಿಕ್ಕರೆ ಅಥವಾ ಸರ್ಕಾರಿ ಸೀಟು ದೊರೆತರೆ ಹೋಗಿ. ಇಲ್ಲದಿದ್ದರೆ ಶಿಕ್ಷಣದ ದಾರಿ ಹಿಡಿದು ವಿಶೇಷ ಶಿಕ್ಷಣಕ್ಕೆ ಹೊರಳುವುದು ಬಡವರ ಮನೆಯ ಮಕ್ಕಳಿಗೆ ಮೇಲು.

ಅರ್ಜಿ ಹಾಕುವ ಮುಂಚೆ ಎರಡು ದಿನ ಒಂದು ಚಿಕಿತ್ಸಾ ಕೇಂದ್ರದಲ್ಲಿ, ಎರಡು ದಿನ ನಿಮ್ಮ ಪ್ರಾಥಮಿಕ ಶಾಲೆಯಲ್ಲಿ ಹಿಂದಿನ ಬೆಂಚಿನ ಮೇಲೆ ಕೂತು ನೋಡಿ. ಥೆರಪಿ ಕಾಲೇಜಿನವರನ್ನು ಮೂರು ಮಾತು ಕೇಳಿ: ಈ ಕೋರ್ಸಿಗೆ ಯಾರ ಮಾನ್ಯತೆ ಇದೆ, ತರಬೇತಿ ಯಾವ ಆಸ್ಪತ್ರೆಯಲ್ಲಿ, ಎರಡನೆಯ ವರ್ಷದಿಂದ ಶುಲ್ಕ ಎಷ್ಟು ಏರುತ್ತದೆ. ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆ 2021ರಲ್ಲಿ ಬಂದಿದೆ, ಥೆರಪಿಯೂ ಅದರೊಳಗಿದೆ. ಉತ್ತರವನ್ನು ಬಾಯಿಮಾತಿನಲ್ಲಿ ಕೊಟ್ಟರೆ, ಬರೆದುಕೊಡಿ ಎನ್ನಿ.