ಮನೆಯ ಕೋಣೆ, ಕಡಲಾಚೆಯ ಶಾಲೆ

ಕೆಲವು ತಿಂಗಳ ಹಿಂದೆ ನನ್ನ ಹಳೆಯ ಸ್ನೇಹಿತರೊಬ್ಬರು ಸಂಜೆಯ ಹೊತ್ತು ಮನೆಗೆ ಬಂದರು. ಮುಖದಲ್ಲಿ ಚಿಂತೆ. "ಪಂಡಿತರೆ, ನನ್ನ ಮೊಮ್ಮಗಳು ಯಾವ ಶಾಲೆಗೂ ಹೋಗುವುದಿಲ್ಲ, ಆದರೂ ಹೈಸ್ಕೂಲು ಓದುತ್ತಿದ್ದಾಳಂತೆ! ಇದೆಂಥ ವಿದ್ಯೆ? ಇದಕ್ಕೆ ಬೆಲೆ ಉಂಟೆ?" ಎಂದು ಕೇಳಿದರು. ಹುಡುಗಿ ಹತ್ತನೆಯ ತರಗತಿಯವರೆಗೆ ಅಮೆರಿಕದಲ್ಲಿ ಓದಿದವಳು. ತಂದೆ ಮೈಸೂರಿಗೆ ಹಿಂದಿರುಗಿದಾಗ ನಡುದಾರಿಯಲ್ಲಿ ಪಾಠಕ್ರಮ ಬದಲಿಸುವುದು ಬೇಡವೆಂದು, ಅಲ್ಲಿಯ ಶಾಲೆಯೊಂದರ ಪಾಠಗಳನ್ನು ಕಂಪ್ಯೂಟರಿನ ಮೂಲಕ ಮನೆಯಲ್ಲಿಯೇ ಮುಂದುವರಿಸಿದ್ದಳು. ಸ್ನೇಹಿತರ ಪ್ರಶ್ನೆಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ತಿಳಿದುಕೊಂಡದ್ದನ್ನು ಇಂದು ತಮ್ಮ ಮುಂದೆ ಅರಿಕೆ ಮಾಡುತ್ತೇನೆ.

ಮೊದಲು ಹೆಸರಿನ ಗೊಂದಲವನ್ನು ಕಳೆಯೋಣ. ಡಿಪ್ಲೊಮಾ ಎಂದೊಡನೆ ನಮಗೆ ಪಾಲಿಟೆಕ್ನಿಕ್ಕು ನೆನಪಾಗುತ್ತದೆ. ಅಮೆರಿಕದಲ್ಲಿ ಹಾಗಲ್ಲ. ಒಂಬತ್ತರಿಂದ ಹನ್ನೆರಡರವರೆಗಿನ ನಾಲ್ಕು ವರ್ಷಗಳ ಶಾಲಾಶಿಕ್ಷಣವನ್ನು ಮುಗಿಸಿದವರಿಗೆ ಶಾಲೆ ಕೊಡುವ ಪತ್ರವೇ ಹೈಸ್ಕೂಲ್ ಡಿಪ್ಲೊಮಾ. ನಮ್ಮ ಎಸ್.ಎಸ್.ಎಲ್.ಸಿ.ಯಂತೆ ಇಡೀ ನಾಡಿಗೆ ಒಂದೇ ಪರೀಕ್ಷೆ, ಒಂದೇ ಮಂಡಲಿ ಅಲ್ಲಿಲ್ಲ. ವಿದ್ಯಾರ್ಥಿ ಇಂಗ್ಲಿಷು, ಗಣಿತ, ವಿಜ್ಞಾನ, ಸಮಾಜಶಾಸ್ತ್ರ ಮೊದಲಾದ ವಿಷಯಗಳಲ್ಲಿ ಒಂದೊಂದಾಗಿ ಕ್ರೆಡಿಟ್ಟುಗಳನ್ನು ಗಳಿಸುತ್ತ ಹೋಗಬೇಕು. ಒಂದು ವಿಷಯವನ್ನು ವರ್ಷದಲ್ಲಿ ಸುಮಾರು 120 ಗಂಟೆ ಅಭ್ಯಾಸ ಮಾಡಿದರೆ ಒಂದು ಮಾನ ಎಂಬ ಲೆಕ್ಕ ಇಪ್ಪತ್ತನೆಯ ಶತಮಾನದ ಆರಂಭದಿಂದ ರೂಢಿಯಲ್ಲಿದೆ. ಹನಿಗೂಡಿ ಹಳ್ಳವೆಂಬಂತೆ, ಈ ಮಾನಗಳು ಕೂಡಿ ಡಿಪ್ಲೊಮಾ ಆಗುತ್ತದೆ. ಹೀಗೆ ಬಿಡಿಬಿಡಿಯಾಗಿ ಗಳಿಸುವ ಕ್ರಮವಿರುವುದರಿಂದಲೇ ದೂರದಲ್ಲಿದ್ದು ಓದುವುದು ಅಲ್ಲಿ ಸುಲಭಸಾಧ್ಯವಾಯಿತು.

ಇದು ನಿನ್ನೆ ಮೊನ್ನೆ ಹುಟ್ಟಿದ ಪದ್ಧತಿಯೆಂದು ತಿಳಿಯಬೇಡಿ. ಕಂಪ್ಯೂಟರಿನ ಕನಸೂ ಇಲ್ಲದ ಕಾಲದಲ್ಲಿ ಅಂಚೆಯವನೇ ಅಲ್ಲಿ ಉಪಾಧ್ಯಾಯನ ದೂತನಾಗಿದ್ದ. 1906ರಲ್ಲಿ ಬಾಲ್ಟಿಮೋರ್ ನಗರದ ಕ್ಯಾಲ್ವರ್ಟ್ ಶಾಲೆ ಚಿಕ್ಕ ಮಕ್ಕಳಿಗೆ ಅಂಚೆಯ ಮೂಲಕ ಪಾಠ ಕಳುಹಿಸತೊಡಗಿತು. 1929ರಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾನಿಲಯ ಹೈಸ್ಕೂಲಿನ ಪಾಠಗಳನ್ನು ಅಂಚೆಗೆ ಹಾಕಿತು. ವಿಶಾಲವಾದ ಹೊಲಗಳ ನಡುವಣ ಸಣ್ಣ ಊರುಗಳ ಶಾಲೆಗಳಲ್ಲಿ ಎಲ್ಲ ವಿಷಯಗಳಿಗೂ ಅಧ್ಯಾಪಕರು ಸಿಗುತ್ತಿರಲಿಲ್ಲ. ಆ ಕೊರತೆಯನ್ನು ತುಂಬಲು ಇದು ಹುಟ್ಟಿತು. ಅದೇ ಶಾಲೆ ಮುಂದೆ ಅಂಚೆಯನ್ನು ಬಿಟ್ಟು ಆನ್‌ಲೈನ್ ಶಾಲೆಯಾಯಿತು. 1997ರಲ್ಲಿ ಫ್ಲೋರಿಡಾ ರಾಜ್ಯ ಇಂಥದೇ ಸರಕಾರೀ ಶಾಲೆಯನ್ನು ತೆರೆಯಿತು. 2006ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಆನ್‌ಲೈನ್ ಹೈಸ್ಕೂಲು ಆರಂಭವಾಯಿತು. ಅಲ್ಲಿ ಗುರುಶಿಷ್ಯರು ಗೊತ್ತಾದ ವೇಳೆಗೆ ಪರದೆಯ ಮೇಲೆ ಮುಖಾಮುಖಿಯಾಗಿ ಚರ್ಚೆ ನಡೆಸುತ್ತಾರೆ. ಬೇರೆ ಹಲವು ಶಾಲೆಗಳಲ್ಲಿ ವಿದ್ಯಾರ್ಥಿ ತನಗೆ ಅನುಕೂಲವಾದ ವೇಳೆಯಲ್ಲಿ ಓದಿ, ಬರೆದು, ಕಳುಹಿಸಬಹುದು.

ಇಷ್ಟು ಕೇಳಿ ನನ್ನ ಸ್ನೇಹಿತರು ಸಮಾಧಾನಪಟ್ಟರು. ಆದರೆ ಎಲ್ಲಿ ಚಿನ್ನವೋ ಅಲ್ಲಿ ಹಿತ್ತಾಳೆಯೂ ಇರುತ್ತದೆಯಷ್ಟೆ. 2014ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಆನ್‌ಲೈನಿನಲ್ಲಿ ಹೈಸ್ಕೂಲ್ ಡಿಪ್ಲೊಮಾ ಮಾರುತ್ತಿದ್ದವರ ಮೇಲೆ ನ್ಯಾಯಾಲಯಕ್ಕೆ ಹೋಯಿತು. ಇನ್ನೂರು ಮುನ್ನೂರು ಡಾಲರು ಕೊಟ್ಟು, ಮನೆಯಲ್ಲಿಯೇ ಒಂದು ಪರೀಕ್ಷೆಗೆ ಉತ್ತರ ಗುರುತಿಸಿದರೆ ಮುಗಿಯಿತು, ಡಿಪ್ಲೊಮಾ ಕೈಗೆ! ಆ ಪತ್ರವನ್ನು ನಂಬಿ ಕಾಲೇಜಿಗೂ ಕೆಲಸಕ್ಕೂ ಹೋದವರು ಬಾಗಿಲಲ್ಲಿಯೇ ಹಿಂದಿರುಗಬೇಕಾಯಿತು. ಹಣ ಹೋದದ್ದು ಸಣ್ಣ ನಷ್ಟ; ಹುಡುಗರ ವರ್ಷಗಳು ಹೋದದ್ದು ದೊಡ್ಡದು.

ಹಾಗಾದರೆ ಚಿನ್ನವನ್ನು ಒರೆಗೆ ಹಚ್ಚುವುದು ಹೇಗೆ? ಮೂರು ಮಾತು ನೆನಪಿಡಿ. ಒಂದು, ಶಾಲೆಗೆ ಮಾನ್ಯತೆ ಕೊಟ್ಟವರು ಯಾರು? ಅಮೆರಿಕದ ಕೇಂದ್ರ ಸರಕಾರ ತಾನಾಗಿ ಶಾಲೆಗಳಿಗೆ ಮಾನ್ಯತೆ ಕೊಡುವುದಿಲ್ಲ. ಕಾಗ್ನಿಯಾ, ಮಿಡ್ಲ್ ಸ್ಟೇಟ್ಸ್ ಮುಂತಾದ ಸಂಸ್ಥೆಗಳು ಪರಿಶೀಲಿಸಿ ಕೊಡುತ್ತವೆ. ಶಾಲೆಯವರು ಹೇಳಿದ್ದನ್ನೇ ನಂಬದೆ, ಆ ಸಂಸ್ಥೆಯ ಪಟ್ಟಿಯಲ್ಲಿ ಶಾಲೆಯ ಹೆಸರಿದೆಯೇ ಎಂದು ನೀವೇ ನೋಡಬೇಕು. ಎರಡು, ಮುಂದೆ ಸೇರಬೇಕಾದ ಕಾಲೇಜು ಇದನ್ನು ಒಪ್ಪುತ್ತದೆಯೆ? ನಮ್ಮ ದೇಶದಲ್ಲಿ ವಿದೇಶೀ ವಿದ್ಯಾರ್ಹತೆಗಳ ಸಮಾನತೆಯನ್ನು ಕುರಿತು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2025ರ ಏಪ್ರಿಲಿನಲ್ಲಿ ಹೊಸ ನಿಯಮಗಳನ್ನು ಹೊರಡಿಸಿದೆ. ಮನೆಯಲ್ಲಿ ಆನ್‌ಲೈನ್ ಓದಿದ್ದು ಎಂಬುದನ್ನು ಮುಚ್ಚಿಡದೆ ತಿಳಿಸಿ, ಹಣ ಕಟ್ಟುವ ಮೊದಲೇ ಲಿಖಿತ ಉತ್ತರ ಪಡೆಯಿರಿ. ಇಲ್ಲಿಯೇ ಕಾಲೇಜು ಸೇರುವ ಉದ್ದೇಶವಿದ್ದರೆ, 1989ರಲ್ಲಿ ಸ್ಥಾಪಿತವಾದ ನಮ್ಮದೇ ರಾಷ್ಟ್ರೀಯ ಮುಕ್ತ ಶಾಲೆಯನ್ನೂ ವಿಚಾರಿಸಿ. ಕಡಲು ದಾಟಬೇಕಾದ ಅಗತ್ಯವೇ ಇಲ್ಲದಿರಬಹುದು. ಮೂರನೆಯದು ಮುಖ್ಯವಾದದ್ದು. ಮಗುವಿನ ತಪ್ಪನ್ನು ತಿದ್ದುವವರು ಆ ಕಡೆ ಯಾರಾದರೂ ಇದ್ದಾರೆಯೆ?

ಏಕಲವ್ಯನ ಕಥೆ ತಮಗೆಲ್ಲ ಗೊತ್ತು. ಗುರುವಿನ ಪ್ರತಿಮೆಯನ್ನಿಟ್ಟುಕೊಂಡು ಕಲಿತ ಅವನ ವಿದ್ಯೆಗೆ ಅವನ ಬಾಣವೇ ಸಾಕ್ಷಿಯಾಯಿತು. ಪ್ರಮಾಣಪತ್ರ ತೋರಿಸೆಂದು ಯಾರೂ ಕೇಳಲಿಲ್ಲ. ನಮ್ಮ ಮಕ್ಕಳಿಗೆ ಆ ಭಾಗ್ಯವಿಲ್ಲ. ಅವರ ವಿದ್ಯೆಗೆ ಪತ್ರವೂ ಬೇಕು, ಆ ಪತ್ರದ ಹಿಂದೆ ನಿಂತು 'ಹೌದು, ಈ ಮಗು ಕಲಿತಿದೆ' ಎನ್ನುವವರೂ ಬೇಕು. ಮಣ್ಣಿನ ಪ್ರತಿಮೆ ತಪ್ಪು ತಿದ್ದುವುದಿಲ್ಲ. ಪತ್ರ ಮಾರುವ ಅಂಗಡಿಯೂ ತಿದ್ದುವುದಿಲ್ಲ.

ಮೊನ್ನೆ ಸ್ನೇಹಿತರ ಮನೆಗೆ ಹೋಗಿದ್ದೆ. ಹುಡುಗಿ ತುಸು ಸಪ್ಪೆಮೋರೆ ಮಾಡಿಕೊಂಡು ಕುಳಿತಿದ್ದಳು. ಅವಳು ಕಳುಹಿಸಿದ್ದ ಪ್ರಬಂಧವನ್ನು ಅಲ್ಲಿಯ ಉಪಾಧ್ಯಾಯಿನಿ ಸಾಲುಸಾಲಿಗೂ ಟಿಪ್ಪಣಿ ಹಾಕಿ, 'ಎರಡನೆಯ ಭಾಗ ಸಡಿಲವಾಗಿದೆ, ಮತ್ತೆ ಬರೆ' ಎಂದು ಹಿಂದಕ್ಕೆ ಕಳುಹಿಸಿದ್ದರು. "ನೋಡಿದಿರಾ ತಾತ, ಎಷ್ಟೊಂದು ತಪ್ಪು ಹುಡುಕಿದ್ದಾರೆ!" ಎಂದು ದೂರಿದಳು. ಮೂವತ್ತು ವರ್ಷ ಮಕ್ಕಳ ಕಾಪಿಪುಸ್ತಕ ತಿದ್ದಿದವನು ನಾನು. ಕಾಣದ ಆ ಸಹೋದ್ಯೋಗಿಗೆ ಮನಸ್ಸಿನಲ್ಲಿಯೇ ಕೈಮುಗಿದು, ಸ್ನೇಹಿತರ ಕಡೆ ತಿರುಗಿ ಹೇಳಿದೆ: "ಇನ್ನು ಚಿಂತೆ ಬಿಡಿ. ನಿಮ್ಮ ಮೊಮ್ಮಗಳು ಶಾಲೆಗೆ ಹೋಗುತ್ತಿದ್ದಾಳೆ."