ದೊಡ್ಡ ಸಂಬಳ, ದುಬಾರಿ ನಗರ ಮತ್ತು ನಮ್ಮ ಕುಟುಂಬಗಳು

(ಕುಟುಂಬ ಸಂಗಮವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಕರಾವಳಿಯ ಪಟ್ಟಣಗಳಲ್ಲಿ ವಿವಾಹದ ಮಾತುಕತೆ ಬಹುತೇಕ ಒಂದೇ ಪ್ರಶ್ನೆಯಿಂದ ಆರಂಭವಾಗುತ್ತದೆ. ಹುಡುಗ ಎಲ್ಲಿದ್ದಾನೆ, ಸಂಬಳವೆಷ್ಟು? ದುಬೈಯಲ್ಲಿದ್ದಾನೆ, ಹನ್ನೆರಡು ಸಾವಿರ ದಿರ್ಹಮ್ ಎಂಬ ಉತ್ತರ ಬಂದೊಡನೆ ಕುಳಿತವರಲ್ಲಿ ಒಬ್ಬರು ಮೊಬೈಲ್ ತೆಗೆದು ಇಪ್ಪತ್ತಮೂರರಿಂದ ಗುಣಿಸುತ್ತಾರೆ. ಎರಡೂಮುಕ್ಕಾಲು ಲಕ್ಷ! ಅಲ್ಲಿಗೆ ವಿಚಾರಣೆ ಮುಗಿಯಿತು. ಹುಡುಗನ ಗುಣನಡತೆ, ಧರ್ಮನಿಷ್ಠೆ, ಸಾಲ ಇದೆಯೋ ಇಲ್ಲವೋ ಎಂಬುದೆಲ್ಲ ಆಮೇಲಿನ ಮಾತು. ಬೇಡಿಕೆಯ ಮೊತ್ತವೂ ಆ ಗುಣಾಕಾರದ ಮೇಲೆಯೇ ನಿಗದಿಯಾಗುತ್ತದೆ. ಮಹ್ರ್ ಕೊಡಬೇಕಾದವನು ಪಡೆಯುವವನಾಗಿ ಕುಳಿತಿರುವ ದುರವಸ್ಥೆಯ ಬಗ್ಗೆ ಇದೇ ವೇದಿಕೆಯಲ್ಲಿ ಹಲವು ಬಾರಿ ಮಾತಾಡಿದ್ದೇವೆ. ಇಂದು ನಾನು ಆ ಗುಣಾಕಾರದ ಬಗ್ಗೆ ಮಾತಾಡಬೇಕೆಂದಿದ್ದೇನೆ. ಯಾಕೆಂದರೆ ಅದು ಲೆಕ್ಕದ ದೃಷ್ಟಿಯಿಂದಲೂ ತಪ್ಪು.

ಯಾರು ದಿರ್ಹಮಿನಲ್ಲಿ ದುಡಿದು ರೂಪಾಯಿಯಲ್ಲಿ ಖರ್ಚು ಮಾಡುತ್ತಾನೋ ಅವನಿಗೆ ಮಾತ್ರ ಈ ಗುಣಾಕಾರ ಅನ್ವಯಿಸುತ್ತದೆ. ಪತ್ನಿ ಮಕ್ಕಳೊಂದಿಗೆ ಅಲ್ಲಿಯೇ ನೆಲೆಸಿದವನು ದುಡಿಯುವುದೂ ದಿರ್ಹಮ್, ಸುರಿಯುವುದೂ ದಿರ್ಹಮ್. 1997ರಿಂದ ಒಂದು ಡಾಲರಿಗೆ 3.6725 ದಿರ್ಹಮ್ ಎಂದು ದರ ಕಟ್ಟಿಡಲಾಗಿದೆ. ಆದ್ದರಿಂದ ಡಾಲರಿನೆದುರು ರೂಪಾಯಿ ಕುಸಿದಾಗಲೆಲ್ಲ ಇಲ್ಲಿ ನಾವು ‘ಹುಡುಗನ ಸಂಬಳ ಏರಿತು’ ಎಂದು ಹಿಗ್ಗುತ್ತೇವೆ. ಅಲ್ಲಿ ಮನೆ ಬಾಡಿಗೆ ಕಟ್ಟುವವನಿಗೆ ಅದರಿಂದ ಒಂದು ಕಾಸಿನ ಲಾಭವೂ ಇಲ್ಲ. ಬದಲಾಗಿ, ‘ಈಗ ದರ ಚೆನ್ನಾಗಿದೆಯಲ್ಲ, ಸ್ವಲ್ಪ ಹೆಚ್ಚು ಕಳಿಸು’ ಎಂಬ ಕರೆ ಊರಿನಿಂದ ಹೋಗುತ್ತದೆ.

ಒಂದು ಅಂದಾಜು ಲೆಕ್ಕ ಮಾಡೋಣ. ಇದು ಯಾರದೋ ಮನೆಯ ಗುಟ್ಟಲ್ಲ, ಉದಾಹರಣೆಗಾಗಿ ನಾನೇ ಜೋಡಿಸಿಕೊಂಡದ್ದು. ಸಂಬಳ 12,000 ದಿರ್ಹಮ್. ಪತ್ನಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಹಳೆಯ ಬಡಾವಣೆಯಲ್ಲಿ ಒಂದು ಕೋಣೆಯ ಫ್ಲ್ಯಾಟಿಗೆ ವರ್ಷಕ್ಕೆ 60,000 ಎಂದಿಟ್ಟುಕೊಳ್ಳಿ, ಅಂದರೆ ತಿಂಗಳಿಗೆ 5,000. ಬಾಡಿಗೆಯ ಶೇ. 5ರಷ್ಟನ್ನು ನಗರಸಭೆಯು ವಸತಿ ಶುಲ್ಕವೆಂದು ನೀರು-ವಿದ್ಯುತ್ತಿನ ಬಿಲ್ಲಿನಲ್ಲಿಯೇ ವಸೂಲು ಮಾಡುತ್ತದೆ. ಅದು 250. ಇಬ್ಬರು ಮಕ್ಕಳ ಶಾಲಾ ಶುಲ್ಕ ಮತ್ತು ಬಸ್ಸು 2,300. ದಿನಸಿ, ಹಾಲು, ಮಾಂಸ, ಔಷಧಿ 1,800. ಕಾರಿನ ಕಂತು, ಪೆಟ್ರೋಲು, ಸಾಲಿಕ್ ಟೋಲು 1,500. ನೀರು, ವಿದ್ಯುತ್ತು 450. ಫೋನು, ಇಂಟರ್‌ನೆಟ್ 400. ಕೂಡಿಸಿದರೆ 11,700. ಉಳಿದದ್ದು 300 ದಿರ್ಹಮ್, ಏಳು ಸಾವಿರ ರೂಪಾಯಿ.

ಇದರಲ್ಲಿ ಒಂದು ಹೊತ್ತಿನ ಹೋಟೆಲ್ ಊಟವಿಲ್ಲ, ಮಕ್ಕಳ ಬಟ್ಟೆಬರೆಯಿಲ್ಲ ಎಂಬುದನ್ನು ಗಮನಿಸಿ. ದುಬೈಯಲ್ಲಿ ನೌಕರನ ಆರೋಗ್ಯ ವಿಮೆ ಕಂಪೆನಿಯ ಹೊಣೆ. ಪತ್ನಿ ಮಕ್ಕಳ ವಿಮೆ ಅವರನ್ನು ಕರೆಸಿಕೊಂಡವನ ಹೊಣೆ. ಅವರ ವೀಸಾ ನವೀಕರಣದ ವೆಚ್ಚವೂ ಇದೆ. ಶಾಲೆಗೆ ರಜೆ ಸಿಗುವ ಜುಲೈ-ಆಗಸ್ಟ್ ತಿಂಗಳಲ್ಲಿಯೇ ವಿಮಾನದ ದರ ಗಗನಕ್ಕೇರುತ್ತದೆ, ನಾಲ್ಕು ಮಂದಿಯ ಕುಟುಂಬ ಊರಿಗೆ ಬರಬಹುದಾದದ್ದೂ ಆಗಲೇ. ತಂದೆ-ತಾಯಿಯ ಖರ್ಚು, ತಂಗಿಯ ಮದುವೆ, ಜಮಾಅತಿನ ವಂತಿಗೆ, ಝಕಾತ್ ಇವೆಲ್ಲ ಆ ಮುನ್ನೂರರಲ್ಲಿಯೇ ಆಗಬೇಕು.

ಇದೇ ಕಟ್ಟಡದ ಕೆಳಗೆ ಟ್ಯಾಕ್ಸಿ ನಿಲ್ಲಿಸಿಕೊಂಡಿರುವ ಚಾಲಕನನ್ನು ನೋಡಿ. ಅವನ ಗಳಿಕೆ ಮೂರು ಸಾವಿರ ಇರಬಹುದು. ಕಂಪೆನಿಯ ವಸತಿ, ಆರು ಜನರ ಕೋಣೆ, ಸರದಿಯಲ್ಲಿ ಅಡುಗೆ. ಅರ್ಧ ಉಳಿಸಿದರೂ ತಿಂಗಳಿಗೆ ಮೂವತ್ತನಾಲ್ಕು ಸಾವಿರ ರೂಪಾಯಿ ಊರಿಗೆ ಬರುತ್ತದೆ. ನಮ್ಮ ಲೆಕ್ಕದಲ್ಲಿ ಒಬ್ಬ ‘ದೊಡ್ಡ ಪಾರ್ಟಿ’, ಇನ್ನೊಬ್ಬ ಬಡಪಾಯಿ. ಕಳಿಸುವ ಹಣವನ್ನು ನೋಡಿದರೆ ಸ್ಥಾನ ಅದಲು ಬದಲಾಗಿದೆ. ಆದರೆ ಆ ಚಾಲಕ ತನ್ನ ಮಗುವಿನ ಮೊದಲ ನಡಿಗೆಯನ್ನು ವಾಟ್ಸ್‌ಆ್ಯಪ್‌ನಲ್ಲಿ ನೋಡಿದವನು. ಇದರ ಬೆಲೆಯನ್ನು ಯಾವ ಕರೆನ್ಸಿಯಿಂದ ಗುಣಿಸುವುದು? ಹಾಗಾಗಿ ಕುಟುಂಬವನ್ನು ಕರೆಸಿಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ. ವರ್ಷಗಟ್ಟಲೆ ಗಂಡ ಅಲ್ಲಿ, ಹೆಂಡತಿ ಇಲ್ಲಿ ಎಂಬ ವ್ಯವಸ್ಥೆಯಿಂದ ನಮ್ಮ ಮನೆಗಳಲ್ಲಿ ಏನೇನು ಒಡೆದಿದೆ ಎಂಬುದು ನಿಮಗೆಲ್ಲ ಗೊತ್ತು.

ಯುಎಇ ಸರಕಾರ 2019ರಲ್ಲಿ ನಿಯಮವನ್ನು ಸಡಿಲಿಸಿ, 4,000 ದಿರ್ಹಮ್ ಅಥವಾ ವಸತಿ ಸಹಿತ 3,000 ದಿರ್ಹಮ್ ಸಂಬಳವಿದ್ದರೆ ಯಾವ ಹುದ್ದೆಯವನೂ ಕುಟುಂಬವನ್ನು ಕರೆಸಿಕೊಳ್ಳಬಹುದು ಎಂದಿತು. ಕಾನೂನಿನ ದೃಷ್ಟಿಯಲ್ಲಿ ಅಷ್ಟು ಸಾಕು. ಆದರೆ ಮನೆಯೊಡೆಯ ಮೊದಲ ದಿನವೇ ಠೇವಣಿ, ದಲ್ಲಾಳಿಯ ಕಮಿಷನ್ ಮತ್ತು ಮುಂಗಡ ಚೆಕ್ಕುಗಳನ್ನು ಕೇಳುತ್ತಾನೆ. ಕಡಿಮೆ ಚೆಕ್ಕು ಕೊಟ್ಟವನಿಗೆ, ಅಂದರೆ ಒಮ್ಮೆಲೇ ಹೆಚ್ಚು ಹಣವಿರುವವನಿಗೆ ಬಾಡಿಗೆ ಕಡಿಮೆ. ಇಲ್ಲದವನಿಗೆ ಜಾಸ್ತಿ. 2022ರ ಜನವರಿಯಲ್ಲಿ ಕಾನೂನು ತಿದ್ದುಪಡಿ ಆಗುವವರೆಗೂ ಹಣವಿಲ್ಲದೆ ಮರಳಿದ ಚೆಕ್ಕಿಗೆ ಜೈಲೇ ಗತಿಯಾಗಿತ್ತು. ಕೆಲಸ ಹೋದ ತಿಂಗಳೇ ಚೆಕ್ಕಿನ ದಿನಾಂಕ ಬಂದರೆ ಆ ಮನೆಯ ಸ್ಥಿತಿಯನ್ನು ಊಹಿಸಿಕೊಳ್ಳಿ. ಬಾಡಿಗೆ ತಾಳಲಾರದೆ ಶಾರ್ಜಾಕ್ಕೆ ಹೋದವರು ಹಣ ಉಳಿಸಿದರು, ದಿನಕ್ಕೆ ಮೂರು ಗಂಟೆಯನ್ನು ರಸ್ತೆಗೆ ಕೊಟ್ಟರು.

ಇನ್ನು ಸೌದಿಯ ಕಡೆ ನೋಡೋಣ. ಅಲ್ಲಿಯ ಉದಾಹರಣೆ ನಮಗೆ ಹೆಚ್ಚು ಕಣ್ತೆರೆಸುವಂಥದ್ದು, ಯಾಕೆಂದರೆ ಅಲ್ಲಿ ನಗರವನ್ನು ದುಬಾರಿಗೊಳಿಸಿದ್ದು ಮಾರುಕಟ್ಟೆಯಲ್ಲ, ಸರಕಾರದ ಆದೇಶ. 2014ರ ಬಳಿಕ ತೈಲಬೆಲೆ ಕುಸಿಯಿತು. ಬೊಕ್ಕಸ ತುಂಬಿಸಲು ಕಂಡುಕೊಂಡ ದಾರಿಗಳಲ್ಲಿ ಒಂದು, ವಿದೇಶಿ ನೌಕರನ ಮಡದಿ ಮಕ್ಕಳ ಮೇಲಿನ ಶುಲ್ಕ. 2017ರ ಜುಲೈಯಿಂದ ತಲೆಗೆ ತಿಂಗಳಿಗೆ 100 ರಿಯಾಲ್. 2018ರಲ್ಲಿ 200, 2019ರಲ್ಲಿ 300, 2020ರಲ್ಲಿ 400. ಪತ್ನಿ ಮತ್ತು ಮೂವರು ಮಕ್ಕಳಿದ್ದವನಿಗೆ ತಿಂಗಳಿಗೆ 1,600, ವರ್ಷಕ್ಕೆ 19,200 ರಿಯಾಲ್. ಅದನ್ನೂ ಇಕಾಮ ನವೀಕರಿಸುವಾಗ ಮುಂಗಡ ಕಟ್ಟಬೇಕು. ಇದರ ಜೊತೆಗೆ 2018ರಲ್ಲಿ ಶೇ. 5ರ ವ್ಯಾಟ್ ಬಂತು, 2020ರ ಜುಲೈಯಲ್ಲಿ ಅದು ಒಮ್ಮೆಲೇ ಶೇ. 15 ಆಯಿತು. ಸಂಬಳ ಇದ್ದಲ್ಲೇ ಇತ್ತು. 2016ರಲ್ಲಿ ಜಿದ್ದಾದಲ್ಲಿ ಸುಖವಾಗಿದ್ದ ಕುಟುಂಬಗಳು ಮರುವರ್ಷದಿಂದಲೇ ಅಟ್ಟಿಗೆ ಕಟ್ಟಿ ಊರಿಗೆ ಮರಳತೊಡಗಿದವು. ಅವರ ಪೈಕಿ ಯಾರೂ ದುಂದುವೆಚ್ಚ ಮಾಡಿದವರಲ್ಲ. ಎಕ್ಸಿಟ್ ಹೊಡೆಸಿಕೊಂಡು ಬಂದ ಮಹಿಳೆಯರನ್ನು ನಮ್ಮದೇ ನೆಂಟರು ‘ಗಂಡನಿಗೆ ಸಾಕಲಾಗಲಿಲ್ಲವೇ’ ಎಂದು ಕೇಳಿದ್ದು ಮಾತ್ರ ನಮ್ಮ ಸಮಾಜಕ್ಕೆ ಶೋಭೆ ತರುವ ಸಂಗತಿಯಲ್ಲ.

ಇಂತಹ ಕಡೆ ನಮ್ಮ ಸರಕಾರ ಏನು ಮಾಡಿತು? ವಿಶ್ವಬ್ಯಾಂಕಿನ ಪ್ರಕಾರ 2022ರಲ್ಲಿ ಅನಿವಾಸಿಗಳು ಭಾರತಕ್ಕೆ ಕಳಿಸಿದ ಹಣ ನೂರು ಶತಕೋಟಿ ಡಾಲರನ್ನು ದಾಟಿತು, ಜಗತ್ತಿನಲ್ಲಿಯೇ ಮೊದಲ ಸ್ಥಾನ. ಆ ಹೆಮ್ಮೆಯ ಭಾಷಣಗಳನ್ನು ನಾವೆಲ್ಲ ಕೇಳಿದ್ದೇವೆ. ವಾಪಸಾದವನ ಮಗುವಿಗೆ ಶೈಕ್ಷಣಿಕ ವರ್ಷದ ನಡುವೆ ಶಾಲೆಯಲ್ಲೊಂದು ಸೀಟು ಎಂಬ ಸಣ್ಣ ವಿಷಯದ ಬಗ್ಗೆ ಮಾತಾಡಿದವರು ವಿರಳ.

ಬೆಂಗಳೂರಿನ ವಿಷಯ ಎರಡೇ ಮಾತಿನಲ್ಲಿ ಹೇಳಿ ಮುಂದುವರಿಯುತ್ತೇನೆ. ಎಂಬತ್ತು ಲಕ್ಷದ ಗೃಹಸಾಲ, ಶೇ. 8.5 ಬಡ್ಡಿ, 20 ವರ್ಷ. ತಿಂಗಳ ಕಂತು ಸುಮಾರು 69,400 ರೂಪಾಯಿ, ಕೊನೆಗೆ ಕಟ್ಟಿದ ಒಟ್ಟು ಮೊತ್ತ ಒಂದು ಕೋಟಿ ಅರುವತ್ತಾರು ಲಕ್ಷ. ಬಡ್ಡಿ ನಿಷಿದ್ಧ ಎಂಬುದನ್ನು ಈ ಸಭೆಗೆ ಹೇಳಬೇಕಾಗಿಲ್ಲ; ಅಂಕಿಯನ್ನು ಮಾತ್ರ ಮುಂದಿಡುತ್ತಿದ್ದೇನೆ. ಬಾಡಿಗೆಗೆ ಹೋದರೆ ಹತ್ತು ತಿಂಗಳ ಅಡ್ವಾನ್ಸ್ ಅಲ್ಲಿಯ ಹಳೆಯ ಪದ್ಧತಿ. ಹೆಸರು ಕೇಳಿದೊಡನೆ ‘ಮನೆ ಖಾಲಿಯಿಲ್ಲ’ ಎನ್ನುವ ಬಾಗಿಲುಗಳನ್ನು ಲೆಕ್ಕದಿಂದ ತೆಗೆದರೆ ನಮ್ಮ ಹುಡುಗರ ಆಯ್ಕೆ ಮತ್ತಷ್ಟು ಕಿರಿದಾಗುತ್ತದೆ. ಆಯ್ಕೆ ಕಿರಿದಾದಲ್ಲಿ ಬಾಡಿಗೆ ಹಿರಿದಾಗುತ್ತದೆ.

ಮತ್ತೆ ಗಲ್ಫಿಗೆ ಬರೋಣ. ಸಂಬಳವೆಂದರೆ ಕೈಗೆ ಬರುವ ಮೊತ್ತವಷ್ಟೇ ಅಲ್ಲ. ನೇಮಕಾತಿ ಪತ್ರದಲ್ಲಿ ಮೂಲವೇತನ ಎಷ್ಟೆಂದು ನೋಡಿದ್ದೀರಾ? ಯುಎಇಯಲ್ಲಿ ವಿದೇಶಿ ನೌಕರನಿಗೆ ಪಿಂಚಣಿಯಿಲ್ಲ. ಸಿಗುವುದು ಸೇವಾಂತ್ಯದ ಗ್ರಾಚ್ಯುಟಿ. ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ, ನಂತರದ ಪ್ರತಿ ವರ್ಷಕ್ಕೆ 30 ದಿನದ ವೇತನ. ಅದೂ ಮೂಲವೇತನದ ಮೇಲೆ ಮಾತ್ರ. ಹನ್ನೆರಡು ಸಾವಿರದಲ್ಲಿ ಮೂಲವೇತನ ಐದು ಸಾವಿರ, ಉಳಿದದ್ದು ಭತ್ಯೆ ಎಂದು ಬರೆದಿದ್ದರೆ ಹತ್ತು ವರ್ಷ ದುಡಿದವನಿಗೆ 255 ದಿನದ ಲೆಕ್ಕದಲ್ಲಿ 42,500 ದಿರ್ಹಮ್ ಸಿಗುತ್ತದೆ. ಸರಿಸುಮಾರು ಹತ್ತು ಲಕ್ಷ ರೂಪಾಯಿ. ಹತ್ತು ವರ್ಷದ ಯೌವನಕ್ಕೆ! ಊರಿನಲ್ಲಿ ಒಂದು ಸಣ್ಣ ಅಂಗಡಿಗೆ ಮುಂಗಡ ಕೊಟ್ಟು ಸಾಮಾನು ತುಂಬಿಸುವಷ್ಟರಲ್ಲಿ ಅದು ಮುಗಿದಿರುತ್ತದೆ.

ಸಂಬಳಕ್ಕೂ ಖರ್ಚಿಗೂ ನಡುವಿನ ಕಂದರಕ್ಕೆ ಸೇತುವೆ ಕಟ್ಟಲು ಬ್ಯಾಂಕುಗಳು ತಾವಾಗಿಯೇ ಫೋನು ಮಾಡುತ್ತವೆ. ವೈಯಕ್ತಿಕ ಸಾಲ ಸಂಬಳದ 20 ಪಟ್ಟನ್ನು ಮೀರಬಾರದು, ಕಂತು ಸಂಬಳದ ಅರ್ಧವನ್ನು ದಾಟಬಾರದು ಎಂದು ಅಲ್ಲಿಯ ಕೇಂದ್ರ ಬ್ಯಾಂಕ್ 2011ರಲ್ಲಿ ನಿಯಮ ಮಾಡಬೇಕಾಯಿತು. ನಿಯಮ ಮಾಡಬೇಕಾದ ಸ್ಥಿತಿ ಬಂದದ್ದು ಯಾಕೆ ಎಂದು ಯೋಚಿಸಿ. ಅರ್ಧ ಸಂಬಳ ಕಂತಿಗೇ ಹೋಗಬಹುದು ಎಂಬುದು ಅದರ ಇನ್ನೊಂದು ಅರ್ಥ. ಊರಲ್ಲಿ ಎರಡಂತಸ್ತಿನ ಮನೆ ಎದ್ದು ನಿಂತಾಗ ನಾವು ಬರ್ಕತ್ ಎನ್ನುತ್ತೇವೆ. ಅದರ ಇಟ್ಟಿಗೆಗಳಲ್ಲಿ ಎಷ್ಟು ಕ್ರೆಡಿಟ್ ಕಾರ್ಡಿನವು ಎಂಬುದು ಹುಡುಗನಿಗಷ್ಟೇ ಗೊತ್ತು.

ಈ ಗುಟ್ಟೇ ನನಗೆ ಎಲ್ಲಕ್ಕಿಂತ ಹೆಚ್ಚು ಅಪಾಯಕಾರಿಯಾಗಿ ಕಾಣುತ್ತದೆ. ತಂದೆಗೆ ಹೇಳುವುದಿಲ್ಲ, ಮರ್ಯಾದೆಯ ಪ್ರಶ್ನೆ. ಪತ್ನಿಗೆ ಹೇಳುವುದಿಲ್ಲ, ಅವಳಿಗೇನು ತಿಳಿಯುತ್ತದೆ ಎಂಬ ಅಹಂಕಾರ. ಒಂದು ಕೋಣೆಯ ಮನೆಯಲ್ಲಿ ಇಡೀ ದಿನ ಕಳೆಯುವವಳು ಅವಳು, ಇದ್ದದ್ದರಲ್ಲಿ ಮನೆ ತೂಗಿಸುವವಳೂ ಅವಳೇ. ಬಿ.ಎಡ್. ಮಾಡಿ ಸುಮ್ಮನೆ ಕುಳಿತ ಎಷ್ಟು ಹೆಣ್ಣುಮಕ್ಕಳಿಲ್ಲ? ಅಲ್ಲಿನ ಭಾರತೀಯ ಶಾಲೆಗಳಿಗೆ ಶಿಕ್ಷಕಿಯರು ಬೇಕು. ಅವಳ ದುಡಿಮೆ ಅವಳದ್ದೇ, ಪತಿಗೆ ಅದರ ಮೇಲೆ ಹಕ್ಕಿಲ್ಲ ಎಂಬುದೂ ನಿಜ. ಅವಳಾಗಿ ಕೈಜೋಡಿಸಿದರೆ ಅದು ಅವಳ ಔದಾರ್ಯ. ಆದರೆ ಲೆಕ್ಕವನ್ನೇ ತೋರಿಸದವನು ಅವಳಿಂದ ಸಹಕಾರವನ್ನು ಹೇಗೆ ನಿರೀಕ್ಷಿಸುತ್ತಾನೆ?

ಆದ್ದರಿಂದ ಹೆಣ್ಣಿನ ಕಡೆಯವರೇ, ಇನ್ನು ಮುಂದೆ ಸಂಬಳವೆಷ್ಟೆಂದು ಕೇಳಬೇಡಿ. ಮೂಲವೇತನವೆಷ್ಟು, ವಸತಿ ಯಾರದ್ದು, ಸಾಲವೆಷ್ಟು, ಊರಿನಲ್ಲಿ ಅವನನ್ನೇ ನಂಬಿಕೊಂಡವರು ಎಷ್ಟು ಮಂದಿ ಎಂದು ಕೇಳಿ. ಗಂಡಿನ ತಾಯಂದಿರೇ, ಮಗ ಕಡಿಮೆ ಕಳಿಸಿದ ತಿಂಗಳು ಸೊಸೆಯ ಮೇಲೆ ಅನುಮಾನಪಡುವ ಮೊದಲು ಆ ತಿಂಗಳು ಬಾಡಿಗೆಯ ಚೆಕ್ಕು ಇತ್ತೇ ಎಂದು ವಿಚಾರಿಸಿ.

ಕೊನೆಯದಾಗಿ ಮಕ್ಕಳ ವಿಷಯ. ಸಭೆಗೆ ಮುಂಚೆ ಕೆಲವರು ಇದನ್ನೇ ಕೇಳಿದರು. ಕುಟುಂಬವನ್ನು ಊರಿಗೆ ಕಳಿಸುವುದು ಅನಿವಾರ್ಯವೆಂದು ಕಂಡರೆ ಮಗು ಎಂಟನೆಯ ತರಗತಿ ಮುಗಿಸುವ ವೇಳೆಗೇ ನಿರ್ಧರಿಸಿ. ಒಂಬತ್ತರಲ್ಲಿ ಸಿಬಿಎಸ್‌ಇ ನೋಂದಣಿ ಆದ ಮೇಲೆ ಹತ್ತನೆಯ ತರಗತಿಗೆ ಶಾಲೆ ಬದಲಿಸುವುದು ಬಹಳ ತೊಡಕಿನ ಕೆಲಸ. ಅಲ್ಲಿನ ಭಾರತೀಯ ಶಾಲೆಗಳ ವರ್ಷ ಎಪ್ರಿಲಿನಲ್ಲಿ ಆರಂಭವಾಗುತ್ತದೆ, ನಮ್ಮ ರಾಜ್ಯ ಪಠ್ಯಕ್ರಮದ ಶಾಲೆಗಳದ್ದು ಬೇಸಿಗೆ ರಜೆಯ ಬಳಿಕ. ಮಾರ್ಚಿನಲ್ಲಿ ಪರೀಕ್ಷೆ ಮುಗಿಸಿ ಬಂದ ಮಗುವಿಗೆ ಆ ನಡುವೆ ಕನ್ನಡ ಅಕ್ಷರ ಕಲಿಯಲು ಎರಡು ತಿಂಗಳು ಸಿಗುತ್ತದೆ. ನಮ್ಮ ಮದ್ರಸಗಳ ಕೋಣೆಗಳು ಹಗಲು ಹೊತ್ತು ಖಾಲಿಯಿರುತ್ತವೆ, ಕಲಿಸಬಲ್ಲ ನಿವೃತ್ತ ಶಿಕ್ಷಕರು ಈ ಸಭೆಯಲ್ಲೇ ನಾಲ್ಕೈದು ಮಂದಿ ಕಾಣುತ್ತಿದ್ದಾರೆ. ಜಮಾಅತಿನ ಅಧ್ಯಕ್ಷರು ಮುಂದಿನ ಸಾಲಿನಲ್ಲಿದ್ದಾರೆ; ಊಟಕ್ಕೆ ಏಳುವ ಮೊದಲು ಅವರ ಹೆಸರುಗಳನ್ನು ಬರೆದುಕೊಳ್ಳಬೇಕಾಗಿ ವಿನಂತಿ.